ಓದಲಾಗದ ದಾವೆಗೆ ಸಹಿ ಏಕೆ?

ಕೆಜಿಎಫ್‌ನ ನಂದಿದುರ್ಗ ಗಣಿಯ ಲೈನ್ ಮನೆಯವರೊಬ್ಬರು ಜಾಗದ ತಕರಾರಿಗೆ ಕೋರ್ಟಿನ ಮೆಟ್ಟಿಲು ಹತ್ತುತ್ತಾರೆ ಎಂದುಕೊಳ್ಳಿ. ಮನೆಮಾತು ತಮಿಳು, ಬೀದಿಯಲ್ಲಿ ಕನ್ನಡ, ತೆಲುಗು. ಅವರ ಹೆಸರಿನಲ್ಲಿ ಸಿದ್ಧವಾಗುವ ದಾವಾಪತ್ರ ಮಾತ್ರ ಇಂಗ್ಲಿಷಿನಲ್ಲಿ. ಮೇಲೆ ಬರೆದದ್ದೆಲ್ಲ ತಾನು ತಿಳಿದಂತೆ ನಿಜ ಎಂಬ ಮಾತಿನ ಕೆಳಗೆ ಅವರ ಸಹಿ. ಓದಲಾಗದ್ದನ್ನು ನಿಜವೆಂದು ಪ್ರಮಾಣ ಮಾಡಿಸುವ ಈ ಪದ್ಧತಿ ತಪ್ಪು. ಇದು ನಿಲ್ಲಬೇಕು.

ಕಾನೂನಿನ ಪದಗಳು ಕನ್ನಡಕ್ಕೆ ಇನ್ನೂ ಒಗ್ಗಿಲ್ಲ, ಮೇಲಿನ ಕೋರ್ಟುಗಳ ತೀರ್ಪುಗಳು ಇಂಗ್ಲಿಷಿನಲ್ಲಿವೆ ಎನ್ನುತ್ತಾರೆ ವಕೀಲ ಮಿತ್ರರು. ಅಪೀಲಿನ ಮಟ್ಟಿಗೆ ಈ ಮಾತು ಸರಿ. ದಾವಾಪತ್ರಕ್ಕೆ ಸಲ್ಲದು. ಸಿವಿಲ್ ಪ್ರಕ್ರಿಯಾ ಸಂಹಿತೆಯ 6ನೇ ಆದೇಶದ 2ನೇ ನಿಯಮ ಅಲ್ಲಿ ಕೇಳುವುದು ಮುಖ್ಯ ಸಂಗತಿಗಳನ್ನು, ಅದೂ ಚುಟುಕಾಗಿ. ಜಾಗ ಯಾರದು, ಎಂದಿನಿಂದ ಸ್ವಾಧೀನದಲ್ಲಿದೆ, ಯಾವ ದಿನ ಯಾರು ಬೇಲಿ ಕಿತ್ತರು. ಇಷ್ಟು ಹೇಳಲು ಕನ್ನಡಕ್ಕೇನು ಬಡತನ? ಚಕ್ಕುಬಂದಿ, ಪಹಣಿ, ಖಾತೆ, ಕ್ರಯಪತ್ರ ಎಂಬ ಮಾತುಗಳು ಬಂಗಾರಪೇಟೆಯ ಸಂತೆಗೆ ಬರುವ ರೈತರ ಬಾಯಲ್ಲೂ ಇವೆ.

ಪೆಟ್ಟು ಬೀಳುವುದು ಕಕ್ಷಿದಾರರಿಗೆ. ಪೂರ್ವಕ್ಕೆ ರಸ್ತೆ, ಪಶ್ಚಿಮಕ್ಕೆ ಓಣಿ ಎಂಬುದು ಟೈಪಿಂಗಿನಲ್ಲಿ ಅದಲುಬದಲಾದರೆ ತಟ್ಟನೆ ಹಿಡಿಯಬಲ್ಲವರು ಆ ಮನೆಯವರೇ. ಅವರಿಗೇ ಓದಲು ಬಾರದಿದ್ದರೆ ತಪ್ಪು ಪಾಟೀಸವಾಲಿನ ದಿನ ಬಯಲಿಗೆ ಬರುತ್ತದೆ. ಆಗ ತಿದ್ದಿಸಿಕೊಳ್ಳುವುದು ಸುಲಭವಲ್ಲ. 2002ರಲ್ಲಿ ಬದಲಾದ ನಿಯಮದ ಪ್ರಕಾರ, ತಕ್ಕ ಎಚ್ಚರ ವಹಿಸಿಯೂ ವಿಚಾರಣೆಗೆ ಮೊದಲು ಆ ವಿಷಯ ಎತ್ತಲಾಗಲಿಲ್ಲ ಎಂದು ಕೋರ್ಟಿಗೆ ಮನವರಿಕೆ ಮಾಡಬೇಕು. ಓದದೆ ಸಹಿ ಹಾಕಿದವರು ಯಾವ ಎಚ್ಚರವನ್ನು ತೋರಿಸಿಯಾರು? ಪ್ರತಿವಾದಿಗಳ ಪಾಡೂ ಇದೇ. ದಾವೆಯಲ್ಲಿರುವ ಸಂಗತಿಯನ್ನು ನಿರ್ದಿಷ್ಟವಾಗಿ ಅಲ್ಲಗಳೆಯದಿದ್ದರೆ ಒಪ್ಪಿಕೊಂಡಂತೆ ಎನ್ನುತ್ತದೆ 8ನೇ ಆದೇಶದ 5ನೇ ನಿಯಮ. ‘ಎಲ್ಲವೂ ಸುಳ್ಳು’ ಎಂದು ಹಳೆಯ ಫೈಲಿನಿಂದ ಎತ್ತಿಟ್ಟ ಸಾಲು ಅವರನ್ನು ಕಾಯುವುದಿಲ್ಲ.

ಕೆಜಿಎಫ್‌ನಲ್ಲಿ ಕನ್ನಡದಲ್ಲಿ ಬರೆದರಷ್ಟೇ ಸಾಲದು, ಒಪ್ಪುತ್ತೇನೆ. 2001ರ ಫೆಬ್ರವರಿ 28ರಂದು ಭಾರತ್ ಗೋಲ್ಡ್ ಮೈನ್ಸ್ ಮುಚ್ಚಿದಾಗ ಕೆಲಸ ಕಳೆದುಕೊಂಡ ತಲೆಮಾರಿನಲ್ಲಿ ಕನ್ನಡ ಆಡಬಲ್ಲರೂ ಓದಲಾರದವರಿದ್ದಾರೆ. ಅವರಿಗೆ ತಮಿಳಿನಲ್ಲೋ ತೆಲುಗಿನಲ್ಲೋ ಸಾಲುಸಾಲಾಗಿ ಹೇಳಿ, ಆಮೇಲೆ ಸಹಿ ಪಡೆಯಲಿ. ವರ್ಷಗಟ್ಟಲೆ ಅಲೆಯುವ ಕೇಸಿಗೆ ಅರ್ಧ ಗಂಟೆ ಹೆಚ್ಚಲ್ಲ.

ಇಂಗ್ಲಿಷ್ ಬಾರದ ಕಕ್ಷಿದಾರರು ಕೇಳಿದರೆ ಕೋರ್ಟಿನ ಭಾಷೆಯಲ್ಲಿ ಅನುವಾದ ಒದಗಿಸಬೇಕೆಂದು ಅದೇ ಸಂಹಿತೆಯ 137ನೇ ಕಲಮು ಹೇಳುತ್ತದೆ. ಸಂಕೋಚಪಡದೆ ಕೇಳಿ. ಕೈಗೆ ಬರುವವರೆಗೆ ಪೆನ್ನು ಎತ್ತಬೇಡಿ.