ನಗರದ ಕಳೆಯೂ ಲೋಕದ ವಿದ್ವಾಂಸರೂ

ಕೆನಡಾದ ಟೊರಾಂಟೊ ವಿಶ್ವವಿದ್ಯಾನಿಲಯದ ಜೀವವಿಜ್ಞಾನಿಗಳ ನೇತೃತ್ವದಲ್ಲಿ 26 ದೇಶಗಳ 287 ಮಂದಿ ಸಂಶೋಧಕರು ಒಂದುಗೂಡಿ, 160 ನಗರಗಳಲ್ಲಿ ಬಿಳಿ ಕ್ಲೋವರ್ ಎಂಬ ಸಾಧಾರಣ ಸಸ್ಯವನ್ನು ಪರೀಕ್ಷಿಸಿ, 2022ರಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ಪ್ರಕಟಿಸಿದ ಫಲಿತಾಂಶವು, ನಗರವೂ ಜೀವಿಗಳ ವಿಕಾಸವನ್ನು ನಡೆಸತಕ್ಕ ಒಂದು ಶಕ್ತಿಯೆಂಬುದಕ್ಕೆ ಅಪೂರ್ವವಾದ ಪ್ರಮಾಣವನ್ನು ಒದಗಿಸಿತು. ಎಲೆಯನ್ನು ಮೇಯಬರುವ ಕೀಟಾದಿಗಳಿಂದ ಈ ಸಸ್ಯವನ್ನು ರಕ್ಷಿಸುವ ಹೈಡ್ರೋಜನ್ ಸಯನೈಡ್ ವಿಷವು ಹಳ್ಳಿಗಾಡಿನ ಗಿಡಗಳಿಗಿಂತ ಪೇಟೆಯ ನಡುವಣ ಗಿಡಗಳಲ್ಲಿ ವಿರಳವಾಗಿರುವುದು ಅನೇಕ ನಗರಗಳಲ್ಲಿ ಕಂಡುಬಂದಿತು. ಎಲ್ಲ ನಗರಗಳಲ್ಲಿಯೂ ಅಲ್ಲ. ಸಸ್ಯಗಳ ಹೊದಿಕೆಯೂ ಬರವೂ ಊರೂರಿಗೆ ಭಿನ್ನವಾಗಿರುವ ಈ ಲೋಕದಲ್ಲಿ ಒಂದೆರಡು ಊರುಗಳನ್ನು ಮಾತ್ರ ನೋಡಿದವರಿಗೆ ಆ ಭೇದವೇ ಗೋಚರಿಸುತ್ತಿರಲಿಲ್ಲ.

ಇಷ್ಟು ಜನರ ಸಹಕಾರವು ಸಾಧ್ಯವಾದದ್ದು ಹೇಗೆ? ಪರೀಕ್ಷೆಯು ಸುಲಭವಾಗಿತ್ತು. ಎಲೆಯನ್ನು ಘನೀಕರಿಸಿ ಕರಗಿಸಿದ ಮೇಲೆ, ಅದರ ಬಳಿಯಿಟ್ಟ ಪರೀಕ್ಷಾ ಕಾಗದವು ವಿಷವಿದ್ದರೆ ನೀಲಿಯಾಗುತ್ತದೆ. ಅಗ್ಗವಾದ ಈ ವಿಧಾನದಿಂದಲೇ ಒಂದು ಲಕ್ಷಕ್ಕೂ ಮೀರಿದ ಗಿಡಗಳು ಪರೀಕ್ಷಿತವಾದವು. ದುಬಾರಿಯಾದ ಯಂತ್ರವೇ ಬೇಕಾಗಿದ್ದಲ್ಲಿ ಬಡದೇಶದ ಪ್ರಯೋಗಶಾಲೆಗಳು ಎಲೆಯನ್ನು ಕಿತ್ತು ಕಳುಹಿಸುವ ಏಜೆಂಟರಾಗಿ ಮಾತ್ರ ಉಳಿಯುತ್ತಿದ್ದವು.

ಆದರೂ ನನ್ನ ಆಕಾಂಕ್ಷೆ ಇಷ್ಟಕ್ಕೆ ನಿಲ್ಲದು. ಕ್ಲೋವರ್ ಯೂರೋಪು ಮತ್ತು ಪಶ್ಚಿಮ ಏಷ್ಯದ ಮೂಲದ್ದು. ತಂಪುನಾಡುಗಳ ಹುಲ್ಲುಗಾವಲಿನ ಗಿಡವಾದ ಅದು, ಉಷ್ಣವಲಯದಲ್ಲಿ ಅತಿ ಶೀಘ್ರವಾಗಿ ಬೆಳೆಯುತ್ತಿರುವ ನಗರಗಳ ಕಥೆಯನ್ನು ಹೇಳಲಾರದು. ಅಮೆರಿಕ ಖಂಡದಿಂದ ಬಂದು 1950ರ ದಶಕದಲ್ಲಿ ಪುಣೆಯಲ್ಲಿ ಗುರುತಿಸಲ್ಪಟ್ಟು, ಇಂದು ನಮ್ಮ ಬೀದಿಬದಿಯನ್ನೆಲ್ಲ ಆಕ್ರಮಿಸಿರುವ, ಇಥಿಯೋಪಿಯ, ಕೀನ್ಯ, ಪಾಕಿಸ್ತಾನ, ಆಸ್ಟ್ರೇಲಿಯಗಳನ್ನೂ ಪೀಡಿಸುತ್ತಿರುವ ಕಾಂಗ್ರೆಸ್ ಗಿಡವನ್ನು ಅಂಥದೇ ಸಾಮೂಹಿಕ ಅಧ್ಯಯನಕ್ಕೆ ಏಕೆ ಆರಿಸಬಾರದು? ಆದರೆ ಆ ಪ್ರಶ್ನೆಯನ್ನು ರೂಪಿಸುವ ಅಧಿಕಾರವು ಅಡಿಸ್ ಅಬಾಬ, ಲಾಹೋರ್, ಬೆಂಗಳೂರುಗಳ ವಿದ್ವಾಂಸರಲ್ಲಿಯೂ ಇರಬೇಕು. ದತ್ತಾಂಶವನ್ನು ಒಪ್ಪಿಸಿ ಲೇಖನದ ತುದಿಯಲ್ಲಿ ಹೆಸರು ಪಡೆಯುವುದನ್ನು ನಾನು ಸಹಕಾರವೆನ್ನಲಾರೆ.

ಇಂಥ ಸಹಕಾರದ ಮುಂದೆ ಕಾಯಿದೆಯ ಪ್ರಶ್ನೆಯೂ ಉಂಟು. ನಮ್ಮ 2002ರ ಜೀವವೈವಿಧ್ಯ ಕಾಯಿದೆಯು, ವಿದೇಶೀಯರು ನಮ್ಮ ಜೈವಿಕ ಸಂಪತ್ತನ್ನು ಪಡೆಯುವುದಕ್ಕೆ ಚೆನ್ನೈಯಲ್ಲಿರುವ ರಾಷ್ಟ್ರೀಯ ಪ್ರಾಧಿಕಾರದ ಪೂರ್ವಾನುಮತಿಯನ್ನು ವಿಧಿಸಿರುವುದು ಸರ್ವಥಾ ನ್ಯಾಯವಾದುದು. ಜೈವಿಕ ಕಳ್ಳತನವು ಕಲ್ಪಿತ ಭಯವಲ್ಲ. ಕೇಂದ್ರ ಸರ್ಕಾರದ ಮಾರ್ಗಸೂಚಿಗೆ ಅನುಗುಣವಾದ ಸಹಕಾರಿ ಸಂಶೋಧನೆಗೆ ಅದೇ ಕಾಯಿದೆಯ 5ನೆಯ ವಿಧಿಯು ವಿನಾಯಿತಿಯನ್ನೂ ಇತ್ತಿದೆ. ಆ ದ್ವಾರವನ್ನು ದೊಡ್ಡ ಸಂಸ್ಥೆಗಳಂತೆಯೇ ಜಿಲ್ಲಾ ಕಾಲೇಜಿನ ಸಸ್ಯಶಾಸ್ತ್ರದ ಅಧ್ಯಾಪಕರೂ ಬಳಸಲು ಬೇಕಾದ ನೆರವನ್ನು, ಎಲೆಗಳ ಪರೀಕ್ಷೆಯು ಇಲ್ಲಿಯೇ ನಡೆಯಲು ಬೇಕಾದ ಹಣವನ್ನು, ಸರ್ಕಾರವು ಮೊದಲು ಒದಗಿಸಲಿ.