ಮಗು ಮನೆಗೆ ಬಂದ ಮೇಲೂ ತರಬೇತಿ ಬೇಕು

ಕರ್ನಾಟಕದ ದತ್ತು ಕೇಂದ್ರವೊಂದರಿಂದ ಮಗು ಅಮೆರಿಕಕ್ಕೆ ಹೋಗಬೇಕಾದರೆ, ಅದನ್ನು ಪಡೆಯುವ ದಂಪತಿ ಅಲ್ಲಿನ ಕಾನೂನಿನಂತೆ ಕನಿಷ್ಠ 10 ಗಂಟೆಗಳ ತರಬೇತಿ ಪಡೆದಿರಬೇಕು. ಅದೇ ಕೇಂದ್ರದ ಮಗು ಹಾವೇರಿಗೋ ಹಾಸನಕ್ಕೋ ಹೋದರೆ? ಸಮಾಜ ಕಾರ್ಯಕರ್ತರು ಮನೆಗೆ ಬಂದು ಗೃಹ ಅಧ್ಯಯನ ವರದಿ ಬರೆಯುತ್ತಾರೆ, ಆಪ್ತ ಸಮಾಲೋಚನೆಯೂ ಉಂಟು. ಇಷ್ಟು ಗಂಟೆ ಕಲಿತಿರಲೇಬೇಕೆಂಬ ಕಟ್ಟುಪಾಡು ಮಾತ್ರ ಇಲ್ಲ.

ಮಗು ಮನೆಗೆ ಬಂದ ನಂತರ ಆರು ತಿಂಗಳಿಗೊಮ್ಮೆಯಂತೆ ಎರಡು ವರ್ಷ ಅದರ ಯೋಗಕ್ಷೇಮ ವಿಚಾರಿಸುತ್ತಾರೆ. ಒಂದು ವರ್ಷದ ಕೂಸನ್ನು ತಂದವರಿಗೆ ಈ ವಿಚಾರಣೆ ಮುಗಿಯುವಾಗ ಅದಕ್ಕೆ ಮೂರು ತುಂಬಿರುತ್ತದೆ. ‘ನಾನು ನಿನ್ನ ಹೊಟ್ಟೇಲಿ ಹುಟ್ಟಿದ್ದಾ ಅಮ್ಮ?’ ಎಂಬ ಪ್ರಶ್ನೆ ಬರುವುದೇ ಆಮೇಲೆ. ಶಾಲೆಯಲ್ಲಿ ವಂಶವೃಕ್ಷ ಬರೆದು ತರಲು ಹೇಳುವುದು, ಮದುವೆಮನೆಯಲ್ಲಿ ಯಾರೋ ‘ಸಾಕಿದ್ದಂತೆ’ ಎಂದು ಪಿಸುಗುಟ್ಟುವುದು, ಎಲ್ಲವೂ ಆಮೇಲೆಯೇ.

ದೊಡ್ಡ ಮಕ್ಕಳ ವಿಷಯ ಇನ್ನೂ ಸೂಕ್ಷ್ಮ. ಹಸಿವು ಕಂಡ ಏಳು ವರ್ಷದ ಮಗು ದಿಂಬಿನ ಕೆಳಗೆ ಚಪಾತಿ ಬಚ್ಚಿಡಬಹುದು. ತಿಳಿಯದ ತಾಯಿ ಅದನ್ನು ಕಳ್ಳತನ ಎನ್ನುತ್ತಾಳೆ. ತಿಳಿದವಳು ಕೈಗೆಟಕುವಲ್ಲಿ ತಿಂಡಿ ಡಬ್ಬಿ ಇಡುತ್ತಾಳೆ. ಇದು ಮಮತೆಯ ಕೊರತೆಯಲ್ಲ, ಮಾಹಿತಿಯ ಕೊರತೆ. 2022ರ ದತ್ತು ನಿಯಮಾವಳಿಯಂತೆ ಗಂಡ ಹೆಂಡತಿಯ ಒಟ್ಟು ವಯಸ್ಸು 85 ದಾಟಿದ್ದರೆ ಎರಡು ವರ್ಷದೊಳಗಿನ ಮಗು ಸಿಗುವುದಿಲ್ಲ. ಅಂದರೆ ತಡವಾಗಿ ಅರ್ಜಿ ಹಾಕಿದವರ ಮಡಿಲಿಗೆ ಬರುವುದು ನೆನಪುಗಳಿರುವ ಮಗುವೇ. ಹೆಚ್ಚು ಸಿದ್ಧತೆ ಬೇಕಾದವರೂ ಅವರೇ.

ಫಾಸ್ಟರ್ ಕೇರ್ ಎನ್ನುವ ಪೋಷಕತ್ವದಲ್ಲಿ ಮಗುವಿಗೆ ಹೆತ್ತವರ ನಂಟೂ ಉಳಿದಿರಬಹುದು. ಇದಕ್ಕೆ ಸರ್ಕಾರದ ಮಿಷನ್ ವಾತ್ಸಲ್ಯ ಯೋಜನೆಯಡಿ ತಿಂಗಳಿಗೆ 4,000 ರೂಪಾಯಿ ನೆರವಿದೆ. 2024ರ ಮಾರ್ಗಸೂಚಿಯಂತೆ ಒಂಟಿ ವ್ಯಕ್ತಿಗಳೂ ಮಗುವನ್ನು ಪೋಷಿಸಬಹುದು, ಎರಡು ವರ್ಷ ಪೋಷಿಸಿದವರು ದತ್ತು ಕೇಳಬಹುದು. ಬಾಗಿಲು ಅಗಲವಾಗಿದೆ, ಒಳ್ಳೆಯದೇ. ಹೆತ್ತ ತಾಯಿಯನ್ನು ನೋಡಿಬಂದ ರಾತ್ರಿ ಮಗು ಊಟ ಬಿಟ್ಟರೆ ಏನು ಮಾಡಬೇಕೆಂದು ಇವರಿಗೆ ಯಾರು ಹೇಳಿಕೊಡಬೇಕು?

ಹಂತಹಂತಕ್ಕೂ ಸಮಾಲೋಚನೆ ಬಲಗೊಳಿಸಿ ಎಂದು 2025ರ ಜುಲೈನಲ್ಲಿ ಕೇಂದ್ರದ ದತ್ತು ಪ್ರಾಧಿಕಾರ ‘ಕಾರಾ’ ರಾಜ್ಯಗಳಿಗೆ ಸೂಚಿಸಿತು. ಸುತ್ತೋಲೆ ಕಡತದಲ್ಲಿ ಕೂರಬಾರದು. ಪ್ರತಿ ಜಿಲ್ಲಾ ಮಕ್ಕಳ ರಕ್ಷಣಾ ಘಟಕವೂ ಮೂರು ತಿಂಗಳಿಗೊಮ್ಮೆ ಪೋಷಕರ ಸಭೆ ಕರೆಯಲಿ, ಅಜ್ಜ ಅಜ್ಜಿಯರನ್ನೂ ಕೂರಿಸಲಿ, ಹತ್ತು ವರ್ಷ ಮಗು ಸಾಕಿದವರಿಂದ ಮಾತಾಡಿಸಲಿ. ಮಗುವಿಗೆ 18 ತುಂಬುವವರೆಗೂ ಆ ಬಾಗಿಲು ತೆರೆದಿರಲಿ. ಈಗ ಅರ್ಜಿ ಹಾಕುತ್ತಿರುವವರು ಘಟಕದ ಕಚೇರಿಗೆ ಹೋದಾಗ, ದಾಖಲೆಗಳ ಪಟ್ಟಿಯ ಜೊತೆಗೆ ಮುಂದಿನ ಸಭೆಯ ದಿನಾಂಕವನ್ನೂ ಕೇಳಿ ಬರೆದುಕೊಳ್ಳಲಿ.