ಸವರಿದ ಪಾಚಿ ಎಲ್ಲಿ ಸೇರುತ್ತದೆ?

ಸೊಪ್ಪಿನ ಬೆಟ್ಟದಿಂದ ಹೊರೆ ಹೊತ್ತು ತರುವ ಅಡಿಕೆ ಬೆಳೆಗಾರನಿಗೆ ಯಾರೂ ಹೇಳಿಕೊಡಬೇಕಾಗಿಲ್ಲದ ಸಂಗತಿಯೊಂದಿದೆ. ಸೊಪ್ಪಿನೊಡನೆ ಮರ ಹೀರಿಕೊಂಡ ಸತ್ತ್ವವೂ ಬೆಟ್ಟ ಬಿಟ್ಟು ತೋಟ ಸೇರುತ್ತದೆ. ಗಾಜಿನ ತೊಟ್ಟಿಯಲ್ಲಿ ಉಪ್ಪುನೀರು ತುಂಬಿ ಕಡಲ ಮೀನು ಸಾಕುವ ಹವ್ಯಾಸಿಗಳು ನೆಚ್ಚಿರುವುದೂ ಇದೇ ತತ್ತ್ವವನ್ನು. ಮೀನಿನ ಮಲ ಹಾಗೂ ತಿನ್ನದೆ ಉಳಿದ ಆಹಾರದಿಂದ ನೀರಿನಲ್ಲಿ ನೈಟ್ರೇಟ್, ಫಾಸ್ಫೇಟ್ ಹೆಚ್ಚುತ್ತವೆ. ತೊಟ್ಟಿಯಲ್ಲಿ ಬೆಳೆಸಿದ ಕಡಲಪಾಚಿ ಅವನ್ನು ಹೀರುತ್ತದೆ. ಬೆಳೆದ ಪಾಚಿಯನ್ನು ಸವರಿ ತೆಗೆದಾಗ ಆ ಲವಣಗಳೂ ಹೊರಹೋಗುತ್ತವೆ.

ಸವರುವುದು ತಪ್ಪಲ್ಲ, ಅನಿವಾರ್ಯ. ಕೌಲರ್ಪಾ ಎಂಬ ಕುಲದ ಪಾಚಿಯನ್ನು ಬೆಳೆಯಲು ಬಿಟ್ಟರೆ ಅದು ಒಂದು ದಿನ ತನ್ನ ಜೀವರಸವನ್ನೆಲ್ಲ ಸಂತಾನಕೋಶಗಳಾಗಿ ನೀರಿಗೆ ಚೆಲ್ಲಿ, ಬಿಳಿಚಿ ಸಾಯುತ್ತದೆ. ಹೀರಿದ್ದೆಲ್ಲ ಮರಳಿ ತೊಟ್ಟಿಗೇ ಬರುತ್ತದೆ. ಈ ಪಾಚಿಯ ರಚನೆಯೂ ಸೋಜಿಗದ್ದು. ಬೇರು, ಬಳ್ಳಿ, ಎಲೆಗಳಂತೆ ಕಾಣುವುದೆಲ್ಲ ನಡುವೆ ಅಡ್ಡಗೋಡೆಗಳಿಲ್ಲದ ಒಂದೇ ಜೀವಕೋಶ. ಕತ್ತರಿ ಹಾಕಿದಲ್ಲಿ ರಸ ಸೋರುವುದರಿಂದ, ಬಳ್ಳಿಯನ್ನು ಕೈಯಿಂದಲೇ ಬಿಡಿಸಿ ಎಳೆದು ತೆಗೆಯುವುದು ಲೇಸು. ಗಾಯವನ್ನು ಅದು ಬೇಗನೆ ಮುಚ್ಚಿಕೊಳ್ಳುತ್ತದೆ. ಕಡಿದ ಚೂರು ಸಾಯುವುದಿಲ್ಲ, ಹೊಸ ಗಿಡವಾಗುತ್ತದೆ. ಆದ್ದರಿಂದ ಕೇಳಬೇಕಾದ ಪ್ರಶ್ನೆ, ಸವರಿದ್ದು ಎಲ್ಲಿಗೆ ಹೋಯಿತು ಎಂಬುದು.

1984ರಲ್ಲಿ ಮೊನಾಕೊದ ಸಾಗರ ವಸ್ತುಸಂಗ್ರಹಾಲಯದ ಕೆಳಗಿನ ಕಡಲಿನಲ್ಲಿ ಕೌಲರ್ಪಾ ಟ್ಯಾಕ್ಸಿಫೋಲಿಯಾ ಕಾಣಿಸಿಕೊಂಡಿತು. ಆಗ ಅದು ಸುಮಾರು ಒಂದು ಚದರ ಮೀಟರಿನಷ್ಟಿತ್ತು. ನೀಸ್ ವಿಶ್ವವಿದ್ಯಾಲಯದ ಅಲೆಕ್ಸಾಂಡ್ರ್ ಮೈನೆಜ್ ಎಚ್ಚರಿಸಿದರು. ವರ್ಷಗಳು ವಾದದಲ್ಲೇ ಕಳೆದವು. ಅದು ಅಕ್ವೇರಿಯಂಗಳಲ್ಲಿ ಬೆಳೆಸಿದ ತಳಿಯೇ ಎಂದು 1998ರ ವಂಶವಾಹಿ ಅಧ್ಯಯನ ತೋರಿಸಿತು. 2000ದ ಹೊತ್ತಿಗೆ ಮೆಡಿಟರೇನಿಯನ್ನಿನ ಆರು ದೇಶಗಳ ಕರಾವಳಿಯಲ್ಲಿ ಸುಮಾರು 13,000 ಹೆಕ್ಟೇರ್ ಕಡಲತಳ ಅದರ ಪಾಲಾಗಿತ್ತು. ಅಲ್ಲಿ ಕಂಡದ್ದು ಗಂಡು ಸಂತಾನಕೋಶಗಳು ಮಾತ್ರ. ಅಂದರೆ ಹಬ್ಬಿದ್ದು ಬೀಜದಿಂದಲ್ಲ. ಲಂಗರಿಗೆ, ಬಲೆಗೆ ಸಿಕ್ಕಿ ಸಾಗಿದ ತುಂಡುಗಳಿಂದ. ಮುಂದೆ ಫ್ರಾನ್ಸಿನ ತೀರದಲ್ಲಿ ಈ ಪಾಚಿ ತಾನಾಗಿಯೇ ಬಹುಮಟ್ಟಿಗೆ ಹಿಂಜರಿಯಿತು, ನಿಜ. ಹಾಗೆಂದು ಮತ್ತೊಂದು ಕಡಲನ್ನು ಪಣಕ್ಕಿಡುವುದು ವಿವೇಕವಲ್ಲ.

2000ದ ಜೂನ್‌ನಲ್ಲಿ ಅದೇ ಪಾಚಿ ಕ್ಯಾಲಿಫೋರ್ನಿಯಾದ ಕಾರ್ಲ್ಸ್‌ಬ್ಯಾಡ್ ಬಳಿಯ ಹಿನ್ನೀರಿನಲ್ಲಿ ಕಂಡಾಗ ಅಲ್ಲಿಯವರು ವಾದಕ್ಕೆ ನಿಲ್ಲಲಿಲ್ಲ. ಟಾರ್ಪಾಲಿನ್ ಹೊದಿಸಿ ಒಳಗೆ ಕ್ಲೋರಿನ್ ಹಾಯಿಸಿದರು. ನಿರ್ಮೂಲವಾಯಿತೆಂದು ಘೋಷಿಸಲು 2006 ಬಂತು. ವೆಚ್ಚ 70 ಲಕ್ಷ ಡಾಲರ್ ಮೀರಿತು. ಕ್ಲೋರಿನ್ ಉಳಿದ ಜೀವಿಗಳನ್ನೂ ಬಿಡಲಿಲ್ಲವೆಂಬುದನ್ನು ಈ ಲೆಕ್ಕಕ್ಕೆ ಸೇರಿಸಬೇಕು.

ಉಪ್ಪುನೀರಿನ ಪಾಚಿ ಘಟ್ಟದ ಹೊಳೆಯಲ್ಲಿ ಬದುಕದು. ಆದರೆ ಮಂಗಳೂರಿನಲ್ಲೋ ಕಾರವಾರದಲ್ಲೋ ಚರಂಡಿಗೆ ಚೆಲ್ಲಿದ ತೊಟ್ಟಿಯ ನೀರಿಗೆ ಕಡಲು ದೂರವಲ್ಲ. ಅಲಂಕಾರಕ್ಕೆಂದು ತಂದ ಲಂಟಾನ ಬೇಲಿ ಹಾರಿ ಕಾಡು ಸೇರಿದ್ದನ್ನು ಕಂಡ ಮಲೆನಾಡಿಗರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ತಪ್ಪನ್ನೆಲ್ಲ ಹವ್ಯಾಸಿಯ ತಲೆಗೆ ಕಟ್ಟುವುದೂ ನ್ಯಾಯವಲ್ಲ. ಸಸ್ಯದ ಹೆಸರನ್ನಾಗಲಿ ಸ್ವಭಾವವನ್ನಾಗಲಿ ತಿಳಿಸದೆ ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿಕೊಡುವ ವ್ಯಾಪಾರಿಯ ಹೊಣೆ ಹೆಚ್ಚಿನದು. ಅದನ್ನು ಕಾನೂನಿನಿಂದಲೇ ಗೊತ್ತುಪಡಿಸಬೇಕು.

ತೊಟ್ಟಿ ಇಟ್ಟುಕೊಂಡಿರುವ ವಿದ್ಯಾರ್ಥಿಗಳು ಸವರುವಾಗ ಪಂಪು ನಿಲ್ಲಿಸಿ, ತೇಲುವ ಚೂರುಗಳನ್ನು ಬಲೆಯಿಂದ ಎತ್ತಿ, ಬದಲಾಯಿಸಿದ ನೀರನ್ನು ಬಟ್ಟೆಯಲ್ಲಿ ಸೋಸಬೇಕು. ತೆಗೆದ ಪಾಚಿಯನ್ನು ಫ್ರೀಜರಿನಲ್ಲಿ ಹೆಪ್ಪುಗಟ್ಟಿಸಿ, ಬಿಸಿಲಿಗೆ ಗರಿಗರಿಯಾಗುವಂತೆ ಒಣಗಿಸಿದ ಬಳಿಕವೇ ಎಸೆಯಬೇಕು. ಗೊಬ್ಬರದ ಗುಂಡಿಗೆ ಹಾಕುವುದಾದರೆ ಸಿಹಿನೀರಿನಲ್ಲಿ ಉಪ್ಪು ತೊಳೆದು ಹಾಕುವುದು ಒಳಿತು. ಹೊಸತಾಗಿ ತೊಟ್ಟಿ ಹೂಡುವವರಿಗೆ ಕೌಲರ್ಪಾ ಬೇಕಾಗಿಯೇ ಇಲ್ಲ. ಕೀಟೊಮಾರ್ಫಾ ಎಂಬ, ನೂಲಿನ ಉಂಡೆಯಂಥ ಪಾಚಿ ಕಲ್ಲಿಗೆ ಬೇರೂರುವುದಿಲ್ಲ. ಹೆಚ್ಚಾದಷ್ಟನ್ನು ಹಿಡಿಯಾಗಿ ಎತ್ತಿ ತೆಗೆಯಬಹುದು.